ಕತ್ತರಿಸಿದ ಭಾಗ

ಸಿದ್ಧಕಟ್ಟೆಯಲ್ಲಿ ನನ್ನದೊಂದು ಟೈಪಿಂಗ್ ಅಂಗಡಿ. ಮೂಡುಬಿದಿರೆಯ ಒಂದು ಪ್ರೆಸ್ಸಿನಲ್ಲಿ ಇಂದಿಗೂ ಹಳೆಯ ಎಂ.ಎಸ್. ವರ್ಡ್ ಇರುವುದರಿಂದ ಈ ಅಂಗಡಿ ನಡೆಯುತ್ತದೆ. ಹೊಸ ವರ್ಡಿನಲ್ಲಿ ಮಾಡಿದ ಫೈಲು ಅಲ್ಲಿ ತೆರೆಯುವುದಿಲ್ಲ, ದೊಡ್ಡ ಫೈಲಾದರೆ ಕಂಪ್ಯೂಟರೇ ನಿಂತುಬಿಡುತ್ತದೆ. "ಸಿದ್ಧಕಟ್ಟೆಯಲ್ಲಿ ಸರಿ ಮಾಡಿಸಿಕೊಂಡು ಬನ್ನಿ" ಎಂದು ಅವರು ಜನರನ್ನು ನನ್ನಲ್ಲಿಗೆ ಅಟ್ಟುತ್ತಾರೆ. ಹೊಸ ಕಂಪ್ಯೂಟರ್ ತೆಗೆದುಕೊಳ್ಳಿ ಎಂದು ನಾನು ಅವರಿಗೆ ಯಾವತ್ತೂ ಬುದ್ಧಿ ಹೇಳಿಲ್ಲ.

ಒಂದು ಮೇ ತಿಂಗಳಲ್ಲಿ ಬಂಟ್ವಾಳ ಪೇಟೆಯ ಒಬ್ಬ ಅಕ್ಕ ಹಾಗೆ ಬಂದರು. ಗಂಡ ತೀರಿ ಐದು ದಿನವಾಗಿತ್ತು. ಸೂತಕದಲ್ಲಿ ಹೊರಡುವ ಕ್ರಮವಿಲ್ಲ, ಆದರೆ ಮನೆಯಲ್ಲಿ ಹೊರಡಲು ಬೇರೆ ಯಾರೂ ಇರಲಿಲ್ಲ. ಪೆನ್‌ಡ್ರೈವಿನಲ್ಲಿ ಉತ್ತರಕ್ರಿಯೆಗೆ ಜನರನ್ನು ಕರೆಯುವ ಕಾಗದ. ಆಧಾರ್ ಕಾರ್ಡಿನ ಫೋಟೊ ಯಾರದ್ದೂ ಆಗಬಹುದಿತ್ತಾದ್ದರಿಂದ ಅವರ ತಂಗಿಯ ಮಗಳು ಆಲ್ಬಮಿನ ಹಳೆಯದೊಂದನ್ನು ಸ್ಕ್ಯಾನ್ ಮಾಡಿ ಹಾಕಿದ್ದಳು. ಒಂದೇ ಪುಟ, ನಲವತ್ತು ಎಂ.ಬಿ.

"ಒಂದು ಪುಟಕ್ಕೆ ಇಷ್ಟು ಭಾರ ಎಂತಕ್ಕೆ ಅಣ್ಣ?"

ನನಗೆ ವಿವರಿಸುವ ಚಟ. ಪರದೆಯಲ್ಲಿ ಫೋಟೊದ ಅಂಚು ಹಿಡಿದು ಎಳೆದೆ. ಗಂಡನ ಪಕ್ಕದಲ್ಲಿ, ಫ್ಲ್ಯಾಶಿಗೆ ಅರ್ಧ ಕಣ್ಣು ಮುಚ್ಚಿದ ಹುಡುಗಿಯೊಬ್ಬಳು ಕಾಣಿಸಿದಳು. ಈ ಅಕ್ಕನೇ. ತೀರಿಕೊಂಡವರ ಜೊತೆ ಬದುಕಿರುವವರನ್ನು ಆ ಕಾಗದದಲ್ಲಿ ಹಾಕುವುದು ನಮ್ಮಲ್ಲಿಲ್ಲ, ಹಾಗಾಗಿ ತಂಗಿಯ ಮಗಳು ಇವರನ್ನು ಕತ್ತರಿಸಿದ್ದಳು.

"ನೋಡಿ ಅಕ್ಕ, ವರ್ಡಿನಲ್ಲಿ ಕತ್ತರಿಸಿದರೆ ಕಾಣುವುದಿಲ್ಲ ಅಷ್ಟೇ. ನೀವು ಒಳಗೇ ಇದ್ದೀರಿ. ಅದರ ಭಾರ ಇದು."

ಅವರು ಸ್ವಲ್ಪ ನಕ್ಕರು. ನಾನು ಅಂಚನ್ನು ಮೊದಲಿನ ಜಾಗಕ್ಕೆ ತಂದು, ಚಿತ್ರ ಕುಗ್ಗಿಸುವ ಆಯ್ಕೆಯಲ್ಲಿ 'ಕತ್ತರಿಸಿದ ಭಾಗ ಅಳಿಸು' ಎಂಬುದಕ್ಕೆ ಗುರುತು ಹಾಕಿ, ಹಳೆಯ ವರ್ಡಿಗೆ ಹೊಂದುವಂತೆ ಉಳಿಸಿದೆ. ಒಂದು ಎಂ.ಬಿ.ಗೂ ಕಡಿಮೆ. ಎರಡು ಫೈಲು ಇದ್ದರೆ ಜನ ಖಂಡಿತ ತಪ್ಪು ಫೈಲನ್ನೇ ಪ್ರೆಸ್ಸಿಗೆ ಕೊಡುತ್ತಾರೆ, ಅದಕ್ಕೆ ಮೊದಲಿನದನ್ನು ಅಳಿಸಿಯೇ ಪೆನ್‌ಡ್ರೈವ್ ಕೊಡುವುದು ನನ್ನ ಪದ್ಧತಿ. ಪದ್ಧತಿಯ ಬಗ್ಗೆ ನನಗೆ ಸಾಕಷ್ಟು ಹೆಮ್ಮೆಯೂ ಇತ್ತು.

ಜುಲೈಯಲ್ಲಿ ನೇತ್ರಾವತಿ ಹೊಳೆ ಉಕ್ಕಿ ಬಂಟ್ವಾಳ ಪೇಟೆಗೆ ನುಗ್ಗಿತು. ನೀರಿಳಿದ ಮೇಲೆ ಅಕ್ಕ ಅದೇ ಪೆನ್‌ಡ್ರೈವ್ ಹಿಡಿದು ಪುನಃ ಬಂದರು.

"ಆಲ್ಬಮ್ ಪೂರಾ ಕೆಸರಾಯಿತು ಮಾರಾಯ್ರೆ. ತಂಗಿಯ ಮಗಳ ಹತ್ತಿರವೂ ಇಲ್ಲವಂತೆ. ನಾವಿಬ್ಬರೇ ಇದ್ದ ಫೋಟೊ ಅದೊಂದೇ. ಇದರ ಒಳಗೆ ಉಂಟಲ್ಲ, ನೀವೇ ಹೇಳಿದ್ದು. ಎಳೆದು ಕೊಡಿ."

ಏನೂ ಬರುವುದಿಲ್ಲವೆಂದು ಗೊತ್ತಿತ್ತು. ಆದರೂ ಅಂಚು ಹಿಡಿದು ಎಳೆದೆ. ಗಂಡನ ಪಕ್ಕದಲ್ಲಿ ಬಿಳಿ ಜಾಗ ಬಂತು. ಅಳಿಸಿದ ಫೈಲನ್ನು ವಾಪಸ್ ತರುವ ಉಪಾಯಗಳನ್ನೂ ಮಾಡಿ ನೋಡಿದೆ, ಆಗಲಿಲ್ಲ.

"ನಾನೇ ಅಳಿಸಿದ್ದು ಅಕ್ಕ. ನಿಮ್ಮನ್ನು ಕೇಳಬೇಕಿತ್ತು, ಕೇಳಲಿಲ್ಲ."

ಬೈಯುತ್ತಾರೆಂದು ಕಾದೆ. ಬೈದಿದ್ದರೆ ಒಳ್ಳೆಯದಿತ್ತು. ಅವರು ಸ್ಟೂಲ್ ಎಳೆದು ಕೂತು, ಪರದೆಯನ್ನು ತುಂಬ ಹೊತ್ತು ನೋಡಿದರು.

"ಇವರು ಆಚೆ ತಿರುಗಿ ನಗ್ತಾ ಇದ್ದಾರಲ್ಲ, ಅದು ನನ್ನನ್ನು ನೋಡಿ. ಇನ್ನು ಹೇಳಿದರೆ ಯಾರು ನಂಬ್ತಾರೆ?"

"ನಾನು ನೋಡಿದ್ದೇನೆ ಅಕ್ಕ," ಎಂದೆ.

ಅವರು ತಲೆಯಾಡಿಸಿದರು. ಇದ್ದಷ್ಟನ್ನೇ ಪ್ರಿಂಟ್ ತೆಗೆದು ಕೊಡೋಣವೆಂದು, ಅಂಚನ್ನು ಮೊದಲಿನ ಜಾಗಕ್ಕೆ ತರಲು ನಾನು ಮೌಸ್ ಹಿಡಿದೆ.

"ಆ ಬಿಳಿ ಜಾಗ ತೆಗೀಬೇಡಿ," ಎಂದರು. "ಅದು ಹಾಗೆಯೇ ಇರಲಿ."