ಒಳಕೋಣೆಯಲ್ಲಿ ಉಳಿದದ್ದು

ಪಂಪ್‌ಸೆಟ್ಟಿನ ಹೊಸ ಸ್ಟಾರ್ಟರ್ ಕೆಟ್ಟಿದೆ ಎಂದು ಕಂಪನಿಯವರು ನನ್ನನ್ನು ಮಾಸೂರಿಗೆ ಅಟ್ಟಿದ್ದರು. ಬಸ್ಸು ಬದಲಿಸಿ ಬದಲಿಸಿ ಸೊಂಟ ಬಿದ್ದುಹೋಗಿತ್ತು. ಹೊಲದ ಮಾಲೀಕ ಹಿರೇಕೆರೂರಿಗೆ ಹೋಗಿದ್ದ. ಪಕ್ಕದ ಹೊಲದ ಶಾಂತಕ್ಕ ಗುಂಡಿ ಒತ್ತಿ ತೋರಿಸಿದರು. ಮೋಟರ್ ಮಿಸುಕಲಿಲ್ಲ.

“ಕೆಟ್ಟಿಲ್ಲರಿ ಅಕ್ಕಾರ. ಇದರ ಚಿಪ್‌ನ್ಯಾಗ ಎರಡು ಕೋಣಿ ಅದಾವ. ಒಳಕೋಣಿ ಸೆಕ್ಯೂರ್, ಅಂದ್ರ ಕೀಲಿ ಹಾಕಿದ್ದು; ಹೊರಗಿಂದು ನಾನ್‌ಸೆಕ್ಯೂರ್, ಕೀಲಿ ಇಲ್ಲದ್ದು. ಗುಂಡಿ, ಮೋಟರಿಗೆ ಕರೆಂಟ್ ಬಿಡೂ ರಿಲೇ ಎರಡೂ ಒಳಗ ಇಟ್ಟೇವಿ. ಮಾಲೀಕರ ಪಾಸ್‌ವರ್ಡ್ ಇಲ್ಲದ ಯಾರೂ ಮುಟ್ಟಾಕ ಬರೂದಿಲ್ಲ.”

“ಕರೆಂಟ್ ಬಂದಾಗ ಹೊಲದಾಗ ಯಾರ ಇರ್ತೇವೋ ಅವರೇ ಎಲ್ಲಾರ ಮೋಟರ್ ಚಾಲೂ ಮಾಡ್ತೇವಿ. ಅವ ಬರೂತನಕ ಕರೆಂಟ್ ಕಾಯ್ತದೇನ್ರಿ?”

ಮಾಲೀಕನಿಗೆ ಫೋನ್ ಮಾಡಿದೆ. “ಅಕ್ಕ ಹೇಳಿದಂಗ ಮಾಡ್ರಿ” ಅಂದ.

ಲ್ಯಾಪ್‌ಟಾಪ್ ಬಿಚ್ಚಿ ಗುಂಡಿಯನ್ನು ಹೊರಕೋಣೆಗೆ ತಂದೆ. ಮೋಟರ್ ಆಗಲೂ ಮಿಸುಕಲಿಲ್ಲ; ರಿಲೇ ಇನ್ನೂ ಒಳಗೇ ಇತ್ತು. ಅದನ್ನೂ ತಂದೆ. ನೀರು ಬಂತು.

ಶಾಂತಕ್ಕ ಕೈಕಾಲು ತೊಳೆದುಕೊಳ್ಳುತ್ತ ಕೇಳಿದರು: “ಈಗ ಒಳಕೋಣ್ಯಾಗ ಏನ್ ಉಳೀತ್ರಿ?”

“ನಮ್ಮ ಕಂಪನಿ ಹೆಸರು.”

“ಅದನ್ನ ಯಾರ ಕದೀತಾರ್ರಿ?”

ಇಲ್ಲಿಯವರೆಗೂ ಯಾರೂ ಕದ್ದಿಲ್ಲ.