ದೀಪಾವಳಿ ವಿಶೇಷದಲ್ಲಿ ನಕ್ಕ ಹಸಿರು ಸೀರೆ

ಗೆಳೆಯರೇ, ಮೂರು ಭಾಗಗಳೂ ಗೆದ್ದ ಪೊಲೀಸ್ ಸಿನಿಮಾದವರ ದೀಪಾವಳಿ ವಿಶೇಷ ಕಾಮಿಡಿ ಕಾರ್ಯಕ್ರಮ ಇವತ್ತು ಬೆಳಿಗ್ಗೆ ಟಿವಿಯಲ್ಲಿ ಬಂತು. ರೌಡಿಗಳನ್ನು ಅಟ್ಟಾಡಿಸಿದ ಇನ್ಸ್‌ಪೆಕ್ಟರ್ ಎರಡು ಗಂಟೆ ಕಜ್ಜಾಯ ಕರಿದ.

ಮಧ್ಯಾಹ್ನ ಕಾಕ್ಸ್ ಟೌನಿನ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಕೆಳಮನೆಯ ವಿಮಲಮ್ಮ ಸಿಕ್ಕರು. ನನಗೆ ಅದನ್ನು ನೋಡಿದ ಸಿಟ್ಟು ಇಳಿದಿರಲಿಲ್ಲ, ಕೇಳಿಯೇಬಿಟ್ಟೆ.

“ಆ ದರಿದ್ರ ಪ್ರೋಗ್ರಾಮ್‌ಗೆ ಆಡಿಯನ್ಸ್‌ನಲ್ಲಿ ಕೂತಿದ್ದ ಹಸಿರು ಸೀರೆಯವ್ರೊಬ್ರು ಬಾಯಿಗೆ ಸೆರಗಿಟ್ಕೊಂಡು ಬಿದ್ದು ಬಿದ್ದು ನಗ್ತಿದ್ರಲ್ಲ, ಅವ್ರಿಗೇನಾಗಿತ್ತಂತೆ?”

“ಅದು ನಾನೇ ಕಣ್ರೀ.”

ಲಿಫ್ಟಿನಲ್ಲಿ ಓಡುವುದೆಲ್ಲಿಗೆ? “ಸಾರಿ ಆಂಟಿ, ಅಷ್ಟೊಂದು ನಗು ಹೇಗ್ ಬಂತು?” ಎಂದೆ.

“ಖಾಲಿ ಸ್ಟೇಜ್ ಮುಂದೆ ಕೂರ್ಸಿ, ಮೊದ್ಲು ನಮ್ ನಗು ಶೂಟ್ ಮಾಡ್ಕೊಂಡ್ರು. ಕಾಮಿಡಿ ಆಮೇಲೆ ಮಾಡ್ತೀವಿ ಅಂದ್ರು.”

ಪೂರ್ತಿ ನೋಡಿದವನಾಗಿ ಹೇಳುತ್ತೇನೆ, ಮರೆತೇಬಿಟ್ಟಿದ್ದಾರೆ.