ಅಣ್ಣನ ಕುರ್ಚಿ ಖಾಲಿ

ಆ ಕ್ಷೌರದ ಅಂಗಡಿಯಲ್ಲಿ ಎರಡೇ ಕುರ್ಚಿ. ಕಿಟಕಿ ಪಕ್ಕದ್ದು ಅಣ್ಣನದು, ಒಳಗಿನದು ತಮ್ಮನದು. ಮೊದಲೆಲ್ಲ ಅಣ್ಣನ ಕೈಗಾಗಿ ಜನ ಕಾದು ಕೂರುತ್ತಿದ್ದರು, ತಮ್ಮ ನೊಣ ಹೊಡೆಯುತ್ತಿದ್ದ. ಈಗ ನೊಣ ಹೊಡೆಯುವ ಸರದಿ ಅಣ್ಣನದು. ಅವನಿಗೆ ಹೊಟ್ಟೆಕಿಚ್ಚು, ಅದೂ ಒಡಹುಟ್ಟಿದವನ ಮೇಲೆ. ತಮ್ಮ ಸೀಟಿ ಹಾಕಿದರೆ ಸಹಿಸದು. ಗಿರಾಕಿಗೆ ಹೊದಿಸುವ ಬಟ್ಟೆಯನ್ನು ಪಟಪಟ ಕೊಡವಿದರಂತೂ ಮೈಯೆಲ್ಲ ಉರಿ.

ಕರುಳಿನ ಆಪರೇಷನ್ ಆದ ಮೇಲೆ ಅಣ್ಣನ ಮಲ ಇಳಿಯುವುದು ಹೊಟ್ಟೆಗೆ ಅಂಟಿಸಿದ ಚೀಲಕ್ಕೆ. ವಾಸನೆಯ ವಿಷಯವನ್ನು ಆಸ್ಪತ್ರೆಯ ನರ್ಸ್ ಬಿಡಿಸಿ ಹೇಳಿದ್ದರು: ತುಂಬಲು ಬಿಡದೆ ಆಗಾಗ ಖಾಲಿ ಮಾಡಬೇಕು, ಚೀಲದ ಬಾಯಿ ಒರೆಸಿಯೇ ಮಡಿಸಬೇಕು, ಒಳಗೆ ವಾಸನೆ ತಡೆಯುವ ಹನಿ ಹಾಕಬೇಕು; ಅಂಚು ಭದ್ರವಾಗಿ ಅಂಟಿದ್ದರೆ ಹೊರಗೆ ಏನೂ ಬಾರದು. ಅವನು ಒಂದನ್ನೂ ತಪ್ಪಿಸಲಿಲ್ಲ, ಒಂದನ್ನೂ ನಂಬಲೂ ಇಲ್ಲ. ಮೇಲಿಂದ ಡಬ್ಬಿಗಟ್ಟಲೆ ಪೌಡರ್ ಸುರಿದುಕೊಂಡ. ಮೂಸಿ ನೋಡು, ಮೂಸಿ ನೋಡು ಎಂದು ಹೆಂಡತಿಯ ಜೀವ ತಿಂದ. ಅವಳು ಏನೂ ಇಲ್ಲವೆಂದರೆ, ಕಟ್ಟಿಕೊಂಡ ತಪ್ಪಿಗೆ ಹಾಗೆನ್ನುತ್ತಾಳೆ ಎಂದುಕೊಂಡ. ಸಂಶಯಕ್ಕೆ ಹಾಕುವ ಹನಿ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಗಿರಾಕಿಗಳು ಒಬ್ಬೊಬ್ಬರೇ ಒಳಗಿನ ಕುರ್ಚಿಗೆ ಸರಿದರು. ಉಳಿದವರು ಹಾಳಾಗಿ ಹೋಗಲಿ, ನಿವೃತ್ತ ಸ್ಟೇಷನ್ ಮಾಸ್ತರರೂ ಹೋಗುವುದೇ? ಆ ಗಲ್ಲದ ಗುಳಿಯಲ್ಲಿ ಕತ್ತಿ ಆಡಿಸಬಲ್ಲವನು ತಾನೊಬ್ಬನೇ ಎಂದು ಅಣ್ಣ ಬೀಗುತ್ತಿದ್ದ. ಇವತ್ತು ತಮ್ಮ ತನ್ನ ಹೊಟ್ಟೆಯನ್ನು ಅವರ ಭುಜಕ್ಕೆ ಒತ್ತಿ, ಬಾಗಿ, ಅದೇ ಗುಳಿಯನ್ನು ನುಣ್ಣಗೆ ಮಾಡುತ್ತಿದ್ದ. ಆ ಚಪ್ಪಟೆ ಹೊಟ್ಟೆಯನ್ನು ಕನ್ನಡಿಯಲ್ಲಿ ನೋಡಿ ಅಣ್ಣನಿಗೆ ಕಣ್ಣೀರು ಬಂತು. ಒಂದೇ ತಾಯಿ ಹೆತ್ತದ್ದು, ಅವನಿಗೆ ಮಾತ್ರ ಎಲ್ಲ ನೆಟ್ಟಗೆ.

ಮಾಸ್ತರರು ಹೊರಟಾಗ ಅಣ್ಣ ಬಾಗಿಲಿಗೆ ಅಡ್ಡ ನಿಂತ.

"ನಿಜ ಹೇಳಿ. ನನ್ನ ಹತ್ರ ವಾಸನೆ ಬರುತ್ತೆ ಅಂತ ತಾನೆ ಅವನ ಹತ್ರ ಹೋಗಿದ್ದು?"

"ಯಾವ ವಾಸನೆ?" ಮಾಸ್ತರರು ಹುಬ್ಬು ಗಂಟಿಕ್ಕಿದರು. "ನೀನು ಮಾರು ದೂರ ನಿಂತು ಕೈ ಚಾಚ್ತೀಯ. ಗಲ್ಲ ಮುಟ್ಟೋಕೂ ಹಿಂದೆಮುಂದೆ ನೋಡ್ತೀಯ. ವಯಸ್ಸಾಯ್ತು, ನನ್ನ ಮೈಯೇ ನಾರುತ್ತೇನೋ, ನಿನಗೆ ಹೇಸಿಗೆ ಆಗುತ್ತೇನೋ ಅಂದ್ಕೊಂಡೆ. ಎರಡೆರಡು ಸಲ ಸ್ನಾನ ಮಾಡ್ಕೊಂಡು ಬಂದೆ. ಆದ್ರೂ ನೀನು ಹತ್ರ ಬರಲಿಲ್ಲ."

ಯಾರ ಮೂಗಿಗೂ ತನ್ನ ಹೊಲಸು ತಾಗದಿರಲೆಂದು ಅಣ್ಣ ಹಿಂದೆ ಸರಿದದ್ದು ನಿಜ. ಸರಿದಷ್ಟೂ ಎದುರಿಗೆ ಕೂತವರ ಮುಖ ಸಣ್ಣದಾದದ್ದನ್ನು ಅವನು ನೋಡಿರಲೇ ಇಲ್ಲ. ಅಷ್ಟು ದಿನವೂ ಅವನ ಕಣ್ಣಿದ್ದುದು ತಮ್ಮನ ಕುರ್ಚಿಯ ಮೇಲೆ.

"ಕೂತ್ಕೊಳ್ಳಿ," ಎಂದ. "ಕಿವಿ ಕೆಳಗೆ ಇವನು ಒಂದಿಷ್ಟು ಬಿಟ್ಟಿದಾನೆ."

ತಮ್ಮ ಒಂದು ಕೂದಲನ್ನೂ ಬಿಟ್ಟಿರಲಿಲ್ಲ. ಅದು ಮೂವರಿಗೂ ಗೊತ್ತಿತ್ತು. ಮಾಸ್ತರರು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ತಲೆ ಒರಗಿಸಿದರು. ಅಣ್ಣ ಹತ್ತಿರ ಬಂದು ಬಾಗಿದ. ಅಂಗಿಯೊಳಗಿನ ಚೀಲ ಅವರ ಭುಜಕ್ಕೆ ತಾಗಿ ಸರಕ್ಕೆಂದಿತು. ಮಾಸ್ತರರು ಭುಜ ಸರಿಸಲಿಲ್ಲ, ಕಣ್ಣು ಮುಚ್ಚಿಕೊಂಡರು.